ಇಬ್ಬರಿಗೊಂದು ಟೇಬಲ್ಲು

ಈ ಭೂಮಿಯ ಮೇಲೆ ನನಗೆ ಸಿಗದಂಥ ಹೋಟೆಲ್ ಟೇಬಲ್ಲನ್ನು ಯಾವ ಬಡಗಿಯೂ ಇನ್ನೂ ಮಾಡಿಲ್ಲ ಎಂದು ನಾನು ಘೋಷಿಸಿದ್ದು ನಮ್ಮ ಅಡುಗೆಮನೆಯಲ್ಲಿ, ತಣ್ಣಗಾದ ತಟ್ಟೆಯ ಮುಂದೆ ಕೂತು. ಕೇಳಿಸಿಕೊಂಡವಳು ಹೆಂಡತಿ ಒಬ್ಬಳೇ. ನನ್ನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಕೊಡುವ ಗುಮಾಸ್ತ ನಾನು. ಕೆನ್ನೆ ಊದಿಸಿಕೊಂಡು ಬಂದವರಿಗೆ, "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ, ಆದರೆ ಮುಂದಿನ ವಾರ ಬನ್ನಿ" ಎಂದು ಮುಖದ ಒಂದು ಗೆರೆಯೂ ಅಲುಗದಂತೆ ಹೇಳುವುದು ನನ್ನ ಉದ್ಯೋಗ. ಹಿಂದಿನ ದಿನ ಫೋನ್ ಮಾಡಿ ಕೇಳುತ್ತೇನೆ. ಬರುತ್ತೇನೆ ಎನ್ನದವರ ಹೆಸರು ಹೊಡೆದುಹಾಕಿ, ಕಾಯುತ್ತಿರುವವರನ್ನು ಒಳಗೆ ಬಿಡುತ್ತೇನೆ. ಸ್ವಂತ ಮಾವನವರು ಹಲ್ಲು ಕಟ್ಟಿಸಿಕೊಳ್ಳಬೇಕು ಎಂದಾಗಲೂ ಸರದಿಯಲ್ಲೇ ನಿಲ್ಲಿಸಿದ ಸತ್ಯಸಂಧ. ಇಂಥವನಿಗೆ ಒಂದು ಹೋಟೆಲಿನ ಟೇಬಲ್ ಯಾವ ಲೆಕ್ಕ?

ಹೆಂಡತಿ ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಉಪ್ಪು, ಖಾರ, ಎಣ್ಣೆ ಮೂರೂ ಇಲ್ಲದ ಊಟ ಬೇಯಿಸುತ್ತಾಳೆ. ಎಲ್ಲರದೂ ಮುಗಿದ ಮೇಲೆ ಉಳಿದದ್ದನ್ನು ತಣ್ಣಗೆ, ನಿಂತೇ ತಿನ್ನುತ್ತಾಳೆ. ಅವಳ ಆಸೆ ಒಂದೇ. ವರ್ಷದ ರಜೆಯಲ್ಲಿ ಎಲ್ಲಾದರೂ ಹೋಗಿ, ಕುರ್ಚಿಯ ಮೇಲೆ ಕೂತು, ಇನ್ನೊಬ್ಬರು ಮಾಡಿದ್ದನ್ನು ಬಿಸಿಬಿಸಿಯಾಗಿ ತಿನ್ನಬೇಕು. ಪ್ರತಿ ವರ್ಷವೂ ನಾನು "ನನಗೆ ಬಿಡು" ಎಂದೆ. ಪ್ರತಿ ವರ್ಷವೂ ದೂರದೂರಿನ ಯಾವುದೋ ಹೆಸರಾಂತ ಹೋಟೆಲಿನ ಬಾಗಿಲಲ್ಲಿ ಟೇಬಲ್ ಇಲ್ಲ ಎನ್ನಿಸಿಕೊಂಡು, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಬನ್ನು ತಿಂದು ವಾಪಸಾದೆವು.

ಈ ಸಲ ಅವಳು ಸಿಟ್ಟೂ ಮಾಡಲಿಲ್ಲ. ಬಟ್ಟೆ ಮಡಚುತ್ತಾ, "ಇನ್ನೊಂದು ಸಲ ಬಾಗಿಲಲ್ಲಿ ನಿಲ್ಲಿಸಿದ್ರೆ ನಾನು ಇನ್ನು ಕೇಳೋದೇ ಇಲ್ಲ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅವಳಿಗೆ ಸುಳಿವೇ ಕೊಡದೆ ಯುದ್ಧಕ್ಕೆ ಇಳಿದೆ. "ರಜೆ ಹಾಕು, ಎಲ್ಲಿಗೆ ಅಂತ ಕೇಳಬೇಡ" ಎಂದಷ್ಟೇ ಹೇಳಿದೆ. ಅತ್ತೆ ಮಾವನ ಊರಿನ ಪಕ್ಕದ ಪಟ್ಟಣದಲ್ಲಿ ಬೆರಳೆಣಿಕೆಯ ಟೇಬಲ್‌ಗಳ ಒಂದು ಹೋಟೆಲಿದೆ. ತಿಂಗಳಿಗೊಮ್ಮೆ ಫೋನ್ ಎತ್ತುತ್ತಾರೆ. ಕಾಫಿ ಆರುವಷ್ಟರಲ್ಲಿ ಇಡೀ ತಿಂಗಳು ಭರ್ತಿ. ಹೊರಗೆ ಹಲ್ಲುನೋವಿನವರು ನರಳುತ್ತಿರುವಾಗ ನಾನು ಕ್ಲಿನಿಕ್ಕಿನ ಫೋನನ್ನು ಒತ್ತಿ ಒತ್ತಿ, ಕೊನೆಗೂ ಒಳನುಗ್ಗಿದೆ. ಯಾರ ಹೆಸರಿಗೆ ಎಂದರು. ಗುಮಾಸ್ತನೆಂದರೆ ಯಾರು ಕ್ಯಾರೇ ಅನ್ನುತ್ತಾರೆ? "ಡಾಕ್ಟರ್" ಎಂದೆ. ಮುಂದೆ ಯಾವ ಹೆಸರನ್ನೂ ಸೇರಿಸಲಿಲ್ಲ. ಸುಳ್ಳಿಗೂ ಒಂದು ಮಿತಿ ಇರಬೇಕು. ಗುರುತಿಲ್ಲದ ನಂಬರನ್ನು ನಾನು ಎತ್ತುವುದಿಲ್ಲ, ಎತ್ತಿದರೆ ಯಾರದೋ ದವಡೆ ನೋವು. ಹಾಗಾಗಿ ಹೆಂಡತಿಯ ನಂಬರು ಕೊಟ್ಟೆ. ಇರಲಿ ಎಂದು, ನಾನು ಅವರ ಅಳಿಯ ಎಂದು ಹೇಳಿ, ಅತ್ತೆಯ ಹೆಸರನ್ನೂ ನಂಬರನ್ನೂ ಕೊಟ್ಟು, ಕಾಯುವವರ ಪಟ್ಟಿಯಲ್ಲಿ ಮೊದಲ ಜಾಗವನ್ನೂ ಹಿಡಿದೆ. ಅತ್ತೆಗೆ ಆಮೇಲೆ ತಿಳಿಸಿದರಾಯಿತು ಎಂದುಕೊಂಡೆ. ಆಮೇಲೆ ಮರೆತೇಬಿಟ್ಟೆ.

ಟೇಬಲ್ ಹೇಳಿಟ್ಟಿದ್ದ ದಿನದ ಸಂಜೆ ಅವಳನ್ನು ಹೋಟೆಲಿನ ಮುಂದೆ ನಿಲ್ಲಿಸಿ, "ಇದೇ" ಎಂದೆ. ಹೆಂಡತಿ ನಂಬಲಾರದೆ ಬೋರ್ಡು ನೋಡಿದಳು. ಆಮೇಲೆ ಕೂದಲು ಸರಿಮಾಡಿಕೊಂಡಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡಿತು.

"ಡಾಕ್ಟರ್ ಹೆಸರಲ್ಲಿ, ಇಬ್ಬರಿಗೆ" ಎಂದೆ ಬಾಗಿಲಿನ ಮೇಜಿನ ಹಿಂದಿದ್ದ ಹುಡುಗಿಗೆ.

"ಅದು ನಿನ್ನೆ ಕ್ಯಾನ್ಸಲ್ ಆಯ್ತಲ್ಲ ಸಾರ್. ಖಾತ್ರಿ ಮಾಡ್ಕೊಳ್ಳೋಕೆ ಫೋನ್ ಮಾಡಿದ್ವಿ. ಇಲ್ಲಿ ಯಾವ ಡಾಕ್ಟರೂ ಇಲ್ಲ ಅಂದ್ರು ಒಬ್ರು ಹೆಂಗಸು."

ನನ್ನ ಪಕ್ಕದಲ್ಲಿದ್ದ ಹೆಂಗಸು ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಅದು ನಾನೇ. ಒಲೆ ಮುಂದೆ ಇದ್ದೆ, ಯಾವ ಹೋಟೆಲ್ ಅಂತ ಸರಿಯಾಗಿ ಕೇಳಿಸಲಿಲ್ಲ. ಡಾಕ್ಟರ ಟೇಬಲ್ ಅಂದ್ರು. ನಮ್ಮನೇಲಿ ಡಾಕ್ಟರ್ ಇಲ್ಲ, ಒಬ್ಬ ಗುಮಾಸ್ತ ಇದ್ದಾರೆ ಅಂದೆ. ಕಾಯ್ತಿರೋರು ಯಾರಿಗಾದ್ರೂ ಕೊಟ್ಟುಬಿಡಿ, ಪಾಪ, ಬಾಗಿಲಲ್ಲಿ ನಿಲ್ಲೋ ಕಷ್ಟ ನನಗೆ ಗೊತ್ತು ಅಂದೆ." ಆಮೇಲೆ ಕೇಳಿದಳು: "ಅಲ್ರೀ, ನೀವು ಡಾಕ್ಟರ್ ಆಗಿದ್ದು ಯಾವಾಗ?"

ನಾನು ಹುಡುಗಿಯನ್ನು ಅಂಗಲಾಚಿದೆ. "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ ಸಾರ್, ಆದರೆ" ಎಂದಳು ಅವಳು. ನನ್ನದೇ ಮಾತು, ನನ್ನದೇ ಧಾಟಿ. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಬಿಡಿ, ಸ್ಟೇಷನ್ನಿನಲ್ಲಿ ಬನ್ನು ಸಿಗುತ್ತೆ" ಅಂದಳು ಹೆಂಡತಿ. ಮುಖದ ನಗು ಆರಿಹೋಗಿತ್ತು.

ಅಷ್ಟರಲ್ಲಿ ಕಿಟಕಿ ಪಕ್ಕದ ಟೇಬಲ್ಲಿನಿಂದ ಯಾರೋ ಕೈ ಬೀಸಿದರು. ಅತ್ತೆ! ಎದುರಿಗೆ ಮಾವ, ಸೂಪಿನ ಬಟ್ಟಲಿಗೆ ತಲೆ ಬಗ್ಗಿಸಿಕೊಂಡು. ಅತ್ತೆ ಬಾಗಿಲಿಗೇ ಬಂದು ಮಗಳ ಕೈ ಹಿಡಿದುಕೊಂಡರು.

"ನೋಡೇ, ನಿನ್ನ ಗಂಡ ಗುಟ್ಟಾಗಿ ನಮಗೆ ಟೇಬಲ್ ಹೇಳಿಟ್ಟಿದ್ದಾರೆ. ಜಾಗ ಸಿಕ್ಕಿದೆ, ನಿಮ್ಮ ಅಳಿಯಂದಿರು ಬರೆಸಿದ್ದು ಅಂತ ನಿನ್ನೆ ಫೋನ್ ಬಂದಾಗ ನನಗೆ ಅಳುನೇ ಬಂತು."

ಹೆಂಡತಿ ನನ್ನನ್ನೇ ನೋಡಿದಳು. ನಿಜ ಹೇಳೋಣವೆಂದು ಬಾಯಿ ತೆರೆದವನು, ಅತ್ತೆಯ ಒದ್ದೆ ಕಣ್ಣು ನೋಡಿ ಮುಚ್ಚಿಕೊಂಡೆ.

ಮೂರನೆಯ ಕುರ್ಚಿಗೆ ಜಾಗವಿಲ್ಲ ಎಂದಳು ಹುಡುಗಿ. ಮಾವ ಎದ್ದು ಬಂದರು. "ನೀನು ಹೋಗಿ ಕೂತ್ಕೋ ಮಗಳೇ. ನನ್ನ ಸೂಪ್ ಆಯ್ತು. ಇನ್ನು ಬರೋದೆಲ್ಲ ಅಗಿಯೋದು. ನನ್ನ ಹಲ್ಲು ಇನ್ನೂ ಸರದೀಲಿ ನಿಂತಿದೆ."

ಹೊರಗಿನ ಕಲ್ಲುಬೆಂಚಿನ ಮೇಲೆ ಅಳಿಯ ಮಾವ ಕೂತೆವು. ಚಳಿಗಾಳಿ. ಮೂಲೆಯಂಗಡಿಯ ಬನ್ನಿನಲ್ಲಿ ಮೆತ್ತಗಿನ ಭಾಗ ಮಾವನಿಗೆ ಕೊಟ್ಟು, ಒಣಗಿದ ಅಂಚು ನಾನು ತಿಂದೆ. ಗಾಜಿನಾಚೆ, ಹಬೆಯಾಡುವ ತಟ್ಟೆಯ ಮುಂದೆ ಹೆಂಡತಿ ಕಣ್ಣು ಮುಚ್ಚಿ ಮೊದಲ ತುತ್ತು ತಿಂದಳು. ಅದನ್ನು ಎದುರಿಗೆ ಕೂತು ನೋಡಬೇಕೆಂದಿದ್ದವನು ಬೀದಿಯಿಂದ ನೋಡಿದೆ. ಸಂತೋಷವಾಯಿತು. ಬನ್ನಿನಿಂದ ಹೊಟ್ಟೆ ಮಾತ್ರ ತುಂಬಲಿಲ್ಲ.

ಅವಳು ಹೊರಬಂದಾಗ ಎದ್ದು ನಿಂತೆ.

"ಬಿಸಿಯಾಗಿತ್ತು" ಅಂದಳು. ಕಣ್ಣು ತುಂಬಿತ್ತು. "ಇನ್ನು ಟೇಬಲ್ ಉಸಾಬರಿ ನಿಮಗೆ ಬೇಡ. ಊಟ ಮಾಡಿದವರು ಮುಂದಿನ ವರ್ಷಕ್ಕೆ ಇಲ್ಲೇ ಹೇಳಿ ಹೋಗಬಹುದಂತೆ. ಹೇಳಿ ಬಂದೆ."

"ಎಷ್ಟು ಜನಕ್ಕೆ?" ಎಂದೆ.

"ಇಬ್ಬರಿಗೆ."

ನಾನು ಅವಳ ಕೈ ಹಿಡಿಯಲು ಹೋದೆ.

"ಅಮ್ಮನಿಗೂ ನನಗೂ" ಅಂದಳು.

ಮಾವ ಬೆಂಚಿನ ಮೇಲೆ ತುಸು ಸರಿದು ನನಗೆ ಜಾಗ ಮಾಡಿದರು. "ಕೂತ್ಕೊಳ್ಳಿ ಅಳಿಯಂದಿರೇ. ಇದಕ್ಕೆ ಬುಕಿಂಗ್ ಬೇಡ."