ಮೆಗ್ನೀಷಿಯಂ ಕಡಿಮೆಯಾದ ಗಿಡ

ಭಾನುವಾರ ಬೆಳಿಗ್ಗೆ ಎರಡನೆಯ ಇಡ್ಲಿಗೆ ಕೈ ಹಾಕುವ ಹೊತ್ತಿಗೆ ಮಹಾಬಲೇಶ್ವರರ ಫೋನಿಗೆ ಒಂದು ಹಳದಿ ಎಲೆಯ ಫೋಟೋ ಬಂತು. ಬರದೆ ಇದ್ದಿದ್ದರೆ ಅವರು ಮೂರನೆಯದನ್ನೂ ತಿಂದು ಸುಖವಾಗಿ ಇರುತ್ತಿದ್ದರು.

ಜುರಾಂಗ್ ಐಲ್ಯಾಂಡಿನಲ್ಲಿ ಅವರದು ಇಂಜಿನಿಯರ್ ಕೆಲಸ. ಆದರೆ ಸಿಂಗಪುರದ ಅರವತ್ತು ಕನ್ನಡದ ಮನೆಗಳಿಗೆ ಅವರು ಎಲೆ ಡಾಕ್ಟರು. ಬುಕಿತ್ ಪಂಜಾಂಗಿನ ಒಂಬತ್ತನೆಯ ಮಹಡಿಯ ಫ್ಲ್ಯಾಟಿನಲ್ಲಿ, ಬಟ್ಟೆ ಬೀರುವಿನೊಳಗೆ ಎಲ್‌ಇಡಿ ದೀಪ ಕಟ್ಟಿ ಕರಿಬೇವು, ದೊಡ್ಡಪತ್ರೆ ಬೆಳೆಸಿದವರು. ‘ಮನೆತೋಟ’ ಎಂಬ ವಾಟ್ಸಾಪ್ ಗುಂಪಿನಲ್ಲಿ ಯಾರ ಮನೆಯ ಎಲೆ ಬಣ್ಣಗೆಟ್ಟರೂ ಫೋಟೋ ಅವರಿಗೇ. ಅಂದು ಸಂಜೆ ಐದಕ್ಕೆ ಅವರ ಬ್ಲಾಕಿನ ನೆಲಮಹಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಗುಂಪಿನವರೆಲ್ಲ ಸೇರಿ ಅವರಿಗೆ ಶಾಲು ಹೊದಿಸುವವರಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಕಂಪನಿಯವರು ತಲೆಗೊಂದು ಹೆಲ್ಮೆಟ್ ಕೊಟ್ಟದ್ದು ಬಿಟ್ಟರೆ ಬೇರೆ ಮರ್ಯಾದೆ ಮಾಡಿರಲಿಲ್ಲ. ಹಾಗಾಗಿ ಆ ಶಾಲನ್ನು ಅವರು ಒಂದು ವಾರದಿಂದ ಮನಸ್ಸಿನಲ್ಲೇ ಹೊದ್ದುಕೊಂಡು ಓಡಾಡುತ್ತಿದ್ದರು.

ಫೋಟೋ ಕಳಿಸಿದವಳು ಶಾಮಲಾ. ಗುಂಪಿಗೆ ಹೊಸಬಳು, ಪಾಯಾ ಲೆಬಾರ್ ಹತ್ತಿರ ರೂಮು ಮಾಡಿದ್ದಳು. “ಅಂಕಲ್, ರೂಮಿಗೆ ಬಂದಾಗ್ಲೇ ಈ ಗಿಡ ಇತ್ತು. ಎಲ್‌ಇಡಿ ಕೆಳಗೇ ಇಟ್ಟಿದೀನಿ, ದಿನಾ ನೀರು ಹಾಕ್ತೀನಿ. ಯಾಕೆ ಹಳದಿ ಆಗ್ತಿದೆ?” ಎಂದು ಕೇಳಿದ್ದಳು.

ಮಹಾಬಲೇಶ್ವರರು ಎಡಗೈಯಲ್ಲಿ ಫೋನು ಹಿಡಿದು, ಗುಂಪಿಗೆಲ್ಲ ಕೇಳುವಂತೆ ಧ್ವನಿ ಸಂದೇಶ ಕಳಿಸಿದರು.

“ನೋಡಮ್ಮ, ನರ ಹಸಿರಿದೆ, ನಡುವೆ ಹಳದಿ. ಅಂದ್ರೆ ಮೆಗ್ನೀಷಿಯಂ ಕಡಿಮೆ. ಎಪ್ಸಮ್ ಸಾಲ್ಟ್ ತಂದು ಲೀಟರ್ ನೀರಿಗೆ ಒಂದು ಚಮಚ ಹಾಕು. ದೀಪ ಒಂದು ಗೇಣು ಮೇಲಕ್ಕೆ ಕಟ್ಟು. ಒಳ್ಳೆ ಜಾತಿ ಗಿಡ. ನಾನು ಹೇಳಿದ ಹಾಗೆ ಮಾಡಿದ್ರೆ ಭರ್ತಿ ಹೂ ಬಿಡತ್ತೆ, ನಾಲ್ಕು ಜನಕ್ಕೆ ಹಂಚಬಹುದು.”

ಮಗಳು ಮಾನ್ಯಾ ಹಿಂದಿನಿಂದ ಬಗ್ಗಿ ಫೋಟೋ ನೋಡಿದಳು. ಸಿಂಗಪುರದಲ್ಲೇ ಹುಟ್ಟಿ ಬೆಳೆದ ಹುಡುಗಿ.

“ಅಪ್ಪ, ದಿಸ್ ಒನ್ ಗಾಂಜಾ ಲಾ. ಸ್ಕೂಲಲ್ಲಿ ಪ್ರತಿ ವರ್ಷ ಪೋಸ್ಟರ್ ತೋರಿಸ್ತಿದ್ರು. ಏಳು ಬೆರಳು, ಅಂಚಲ್ಲಿ ಗರಗಸ, ನೋಡಿ.”

“ನಾನು ಬಣ್ಣ ನೋಡ್ತೀನಿ ಕಣೆ, ಜಾತಿ ನೋಡಲ್ಲ.”

“ಒಳ್ಳೆ ಜಾತಿ ಅಂತ ಈಗ ತಾನೆ ಹೇಳಿದ್ರಲ್ಲ,” ಎಂದರು ಹೆಂಡತಿ ಪದ್ಮಿನಿ, ಒಲೆಯ ಕಡೆಯಿಂದ ತಿರುಗದೆ.

ಮಹಾಬಲೇಶ್ವರರು ಇಡ್ಲಿಯ ತಟ್ಟೆ ಪಕ್ಕಕ್ಕೆ ಸರಿಸಿದರು. ಸಂದೇಶ ಅಳಿಸಲು ಹೋಗಿ ಅವಸರದಲ್ಲಿ ಯಾವುದನ್ನೋ ಒತ್ತಿದರು. ಅದು ಅವರ ಫೋನಿನಿಂದ ಮಾತ್ರ ಅಳಿಸಿಹೋಯಿತು. ಅರವತ್ತು ಮನೆಯವರಿಗೂ ಉಳಿದು, ಹೇಳಿದವರೊಬ್ಬರಿಗೇ ಇಲ್ಲದ ಹಾಗಾಯಿತು.

ಐದು ನಿಮಿಷದಲ್ಲಿ ಎದುರು ಮನೆಯ ಅನಂತರಾಮ್ ಬಂದರು. ಬ್ಯಾಂಕಿನಿಂದ ರಿಟೈರ್ ಆದವರು, ಪರರ ಕಷ್ಟಕ್ಕೆ ಚಪ್ಪಲಿ ಹಾಕಿಕೊಳ್ಳದೆ ಓಡಿಬರುವವರು.

“ನಾಲ್ಕು ಸಲ ಕೇಳಿದೆ ಸ್ವಾಮಿ. ಬೆಳೆಸೋದು ಹೇಳಿಕೊಟ್ಟಿದೀರ. ಹಂಚಬಹುದು ಅಂತಾನೂ ಅಂದಿದೀರ. ಹಂಚೋರಿಗೆ ಈ ಊರಲ್ಲಿ ಏನು ಮಾಡ್ತಾರೆ ಗೊತ್ತಲ್ಲ?” ಎಂದು, ದರ್ಜಿ ಅಳತೆ ತೆಗೆಯುವಂತೆ ಅವರ ಕುತ್ತಿಗೆಯನ್ನು ನೋಡಿದರು.

“ಹೂ ಹಂಚು ಅಂದೆ. ದೇವರಿಗೆ.”

“ಯಾವ ದೇವರಿಗೆ ಅಂತ ಕೇಳ್ತಾರೆ.”

ಶಾಮಲಾಗೆ ಫೋನು ಮಾಡಿದರೆ ಸ್ವಿಚ್ ಆಫ್. ಗುಂಪಿನವರು ಹೆದರಿಸಿದ ಹೆದರಿಕೆಗೆ ಅವಳು ಫೋನನ್ನೇ ಮಲಗಿಸಿದ್ದಳು. ಅಷ್ಟರಲ್ಲಿ ಗುಂಪಿನ ಅಡ್ಮಿನ್ ಉಪೇಂದ್ರ ಕರೆ ಮಾಡಿದ.

“ಅಂಕಲ್, ತಪ್ಪು ತಿಳ್ಕೋಬೇಡಿ. ಸದ್ಯಕ್ಕೆ ನಿಮ್ಮನ್ನ ಗ್ರೂಪಿಂದ ರಿಮೂವ್ ಮಾಡಿದೀನಿ. ಶಾಲು ವಿಷಯ ಆಮೇಲೆ ನೋಡೋಣ.”

ಮಹಾಬಲೇಶ್ವರರಿಗೆ ಭಯ ಹೋಗಿ ಸಿಟ್ಟು ಬಂತು. “ನಿಮ್ಮನೆ ತುಳಸಿಗೆ ಹುಳ ಬಿದ್ದಾಗ ಎರಡು ಬಸ್ ಬದಲಾಯಿಸಿ ಬಂದು, ಒಂದೊಂದೇ ಎಲೆ ಒರೆಸಿದವನು ನಾನು ಉಪೇಂದ್ರ.”

“ಅದನ್ನ ಯಾರ ಹತ್ರಾನೂ ಹೇಳ್ಬೇಡಿ ಅಂಕಲ್, ಪ್ಲೀಸ್. ನಮ್ಮನೆ ಹೆಸರೂ ಬರತ್ತೆ.”

ಈ ಮಾತು ಅವರನ್ನು ಸುಟ್ಟಿತು. ಕಾಯಿಲೆ ಬಿದ್ದ ಗಿಡಕ್ಕೆ ಮದ್ದು ಹೇಳಿದರೆ ಅದು ಅಪರಾಧವೇ? ಡಾಕ್ಟರು ಕಳ್ಳನ ಜ್ವರ ನೋಡಿದರೆ ಡಾಕ್ಟರೂ ಕಳ್ಳನೇ? ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಾಸ್‌ಪೋರ್ಟು ಜೇಬಿಗಿಟ್ಟು, ತಾವೇ ಪೊಲೀಸ್ ಠಾಣೆಗೆ ಹೊರಟರು.

“ನಾನೂ ಬರ್ತೀನಿ,” ಎಂದರು ಅನಂತರಾಮ್. “ಹತ್ತು ಹೆಜ್ಜೆ ಹಿಂದೆ ಇರ್ತೀನಿ, ಅಷ್ಟೆ. ಒಂದು ಮಾತು. ಬಾಯಿಮಾತು ನಂಬಬೇಡಿ. ಏನೇ ಹೇಳಿದ್ರೂ ಬರಹದಲ್ಲಿ ತಗೊಳ್ಳಿ. ಕಾಗದ ತೋರಿಸಿದ್ರೆ ಜನರ ಬಾಯಿ ಮುಚ್ಚತ್ತೆ.”

ಅನಂತರಾಮ್ ಠಾಣೆಯ ಎದುರಿನ ಬಸ್ ನಿಲ್ದಾಣದಲ್ಲೇ ಉಳಿದರು. ಒಳಗೆ ಮೇಜಿನ ಹಿಂದೆ ಕೂತಿದ್ದ ಪೊಲೀಸ್ ಹುಡುಗಿಗೆ ಮಾನ್ಯಾಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಗುಂಪಿನಲ್ಲೇ ಇದ್ದ ಮಾನ್ಯಾಳ ಫೋನಿನಿಂದ ತಂದಿದ್ದ ಸಂದೇಶವನ್ನು ಕೇಳಿಸಿ, ತಮ್ಮ ಮಾತನ್ನು ತಾವೇ ಇಂಗ್ಲಿಷಿಗೆ ಮಾಡಿ ಹೇಳಬೇಕಾಯಿತು. ‘ನಾಲ್ಕು ಜನಕ್ಕೆ ಹಂಚಬಹುದು’ ಎಂಬಲ್ಲಿ ಸ್ವಲ್ಪ ತಡವರಿಸಿದರೂ ಸುಳ್ಳು ಹೇಳಲಿಲ್ಲ. ಹುಡುಗಿ ಬರೆದುಕೊಂಡಳು, ಶಾಮಲಾಳ ನಂಬರನ್ನೂ ಬರೆದುಕೊಂಡಳು, ಕೂತಿರಿ ಎಂದಳು.

ಎರಡು ಗಂಟೆ ಕೂತರು. ಕೂತಷ್ಟೂ ಸಿಟ್ಟು ಹಾಲಿನಂತೆ ಉಕ್ಕಿತು. ಕೊನೆಗೆ ಎದ್ದು ಮೇಜಿನ ಬಳಿ ಹೋದರು.

“ನೋಡಮ್ಮ, ನಾನಾಗಿಯೇ ಬಂದಿದ್ದೇನೆ. ಸತ್ಯ ಏನೇ ಇರಲಿ, ನನಗೆ ಕಾಗದದ ಮೇಲೆ ಬೇಕು. ಯಾವ ಗಿಡ, ಯಾರ ಗಿಡ, ನಾನು ಏನು ಹೇಳಿದೆ, ಒಂದನ್ನೂ ಬಿಡಬಾರದು. ಅರವತ್ತು ಮನೆಯವರ ಮುಂದೆ ಓದಬೇಕು.”

“ಆಗಲಿ ಸರ್, ಎಲ್ಲ ಬರೆದುಕೊಡುತ್ತೇನೆ.”

ಆಗಲೇ ಶಾಮಲಾಳ ರೂಮಿಗೆ ಹೋಗಿದ್ದ ಪೊಲೀಸರಿಂದ ಅವಳಿಗೆ ಫೋನು ಬಂತು. ಅವಳು ಕೇಳಿಸಿಕೊಂಡಳು. ತುಟಿ ಕಚ್ಚಿಕೊಂಡಳು. ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಗಡಿಯಾರ ನೋಡಿದಳು.

“ಸರ್, ಅದು ಗಾಂಜಾ ಅಲ್ಲ.”

ಮಹಾಬಲೇಶ್ವರರ ಎದೆ ಎರಡು ಇಂಚು ಅಗಲವಾಯಿತು. “ನನಗೆ ಗೊತ್ತಿತ್ತು. ಮತ್ತೆ ಯಾವ ಗಿಡ?”

“ಪ್ಲಾಸ್ಟಿಕ್.”

ಮಹಾಬಲೇಶ್ವರರು ಫೋನು ತೆಗೆದು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದರು.

“ದೀಪದ ಬೆಳಕಿಗೆ ಬಣ್ಣ ಹೋಗಿದೆಯಂತೆ. ನೀವು ಹೇಳಿದ ಉಪ್ಪನ್ನು ಆಕೆ ಬೆಳಿಗ್ಗೆಯೇ ಹಾಕಿದ್ದಾರೆ. ಎರಡು ಎಲೆ ಸುಧಾರಿಸಿದೆ ಎನ್ನುತ್ತಿದ್ದಾರೆ.”

“ನರ ಹಸಿರಿತ್ತು,” ಎಂದರು ಮಹಾಬಲೇಶ್ವರರು ಮೆಲ್ಲಗೆ.

“ಪೇಂಟ್ ಮಾಡಿರುತ್ತಾರೆ ಸರ್.”

ಹುಡುಗಿ ಮಾತಿಗೆ ತಪ್ಪಲಿಲ್ಲ. ಒಂದನ್ನೂ ಬಿಡದೆ ಬರೆದಳು. ಸದರಿ ಗಿಡ ಪ್ಲಾಸ್ಟಿಕ್ಕಿನದು. ಸದರಿ ಗಿಡಕ್ಕೆ ಮೆಗ್ನೀಷಿಯಂ ಕೊರತೆಯಿದೆಯೆಂದು ಈ ಮಹನೀಯರು ಸಲಹೆ ನೀಡಿದ್ದರು. ಇದರಲ್ಲಿ ಯಾವ ಅಪರಾಧವೂ ಇಲ್ಲ. ಕೆಳಗೆ ಸಹಿ, ಮೊಹರು.

ಕಾಗದ ಕೈಯಲ್ಲಿ ಹಿಡಿದು ಬರುತ್ತಿದ್ದವರನ್ನು ಅನಂತರಾಮ್ ದೂರದಿಂದಲೇ ಕಂಡರು. ಬರಹ ಸಿಕ್ಕಿದೆ ಎಂದು ಎಲ್ಲರಿಗೂ ಫೋನು ಮಾಡಿಬಿಟ್ಟರು.

ಐದು ಗಂಟೆಗೆ ವಾಯ್ಡ್ ಡೆಕ್ ತುಂಬಿತ್ತು. ಶಾಲಿಗೆ ಬಾರದವರೂ ಕಾಗದಕ್ಕೆ ಬಂದಿದ್ದರು. ಉಪೇಂದ್ರ ಕವರಿನಿಂದ ಶಾಲು ಬಿಡಿಸಿ, ತೋಳ ಮೇಲೆ ಹಾಕಿಕೊಂಡು ನಿಂತಿದ್ದ.

“ಸಾರಿ ಅಂಕಲ್, ನಾವು ಅವಸರ ಮಾಡಿದ್ವಿ. ಲೆಟರ್ ಓದಿಬಿಡಿ, ಎಲ್ಲರಿಗೂ ಕೇಳೋ ಹಾಗೆ. ಮೈಕ್ ಇದೆ. ಓದಿದ ತಕ್ಷಣ ಶಾಲು.”

“ಕೊಡಿ ಇಲ್ಲಿ, ನಾನೇ ಓದ್ತೀನಿ,” ಎಂದು ಅನಂತರಾಮ್ ಕನ್ನಡಕ ಹಾಕಿಕೊಂಡು ಕೈ ಚಾಚಿದರು.

ಮಹಾಬಲೇಶ್ವರರು ಒಮ್ಮೆ ಶಾಲನ್ನು ನೋಡಿದರು, ಒಮ್ಮೆ ಕಾಗದವನ್ನು ನೋಡಿದರು. ಕಾಗದವನ್ನು ಎರಡಾಗಿ ಮಡಿಸಿದರು, ನಾಲ್ಕಾಗಿ, ಎಂಟಾಗಿ ಮಡಿಸಿ ಜೇಬಿನ ತಳಕ್ಕೆ ಇಳಿಸಿದರು. ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು.

“ತನಿಖೆ ಇನ್ನೂ ನಡೀತಾ ಇದೆ. ಈಗೇನೂ ಹೇಳೋ ಹಾಗಿಲ್ಲ.”

ಜನ ಒಂದು ಹೆಜ್ಜೆ ಹಿಂದೆ ಸರಿದರು. ಅನಂತರಾಮ್ ಎರಡು ಹೆಜ್ಜೆ ಸರಿದರು. ಮಹಾಬಲೇಶ್ವರರು ತಲೆ ಎತ್ತಿ ಲಿಫ್ಟಿನ ಕಡೆ ನಡೆದರು. ಅಲ್ಲಿ ಕಾಯುತ್ತಿದ್ದ ಆರು ಜನ ಬಾಗಿಲು ತೆರೆದಾಗ ಬದಿಗೆ ಸರಿದು, “ಪರವಾಗಿಲ್ಲ, ನೀವು ಹೋಗಿ,” ಎಂದರು.