ಹೊಟ್ಟೆಯೂ ಹೊರೆಯೇ

ಕಾಲಾಳು ಸೈನಿಕನು ಕದನಕ್ಕೆ ಒಯ್ಯುವ ಹೊರೆ ಮೂವತ್ತು ಕಿಲೋ ಮೀರತಕ್ಕದ್ದಲ್ಲ ಎಂಬ ಆದೇಶವು ಮೂರು ಕಿಲೋ ತೂಗುತ್ತಿತ್ತು. ಅದನ್ನು ಪ್ರತಿಯೊಬ್ಬನೂ ಬೆನ್ನ ಚೀಲದಲ್ಲಿ ಒಯ್ಯುವುದು ಕಡ್ಡಾಯವಾಗಿತ್ತು.

ಉಗ್ರಾಣದ ಬಾಗಿಲಲ್ಲಿ ತೂಕದ ಯಂತ್ರ. ಅದರ ಪಕ್ಕದ ಮೇಜಿನ ಹಿಂದೆ ಗುಮಾಸ್ತರು. ಸಾಲಿನಲ್ಲಿ ಮೊದಲು ನಿಂತವನು ಕೊಕ್ಕರೆ. ಉದ್ದ ಕಾಲಿನವನಾದ್ದರಿಂದ ಆ ಹೆಸರು. ಕಳೆದ ಕದನದಲ್ಲಿ ಅವನ ಪಕ್ಕದ ಗುಂಡಿಯಲ್ಲಿದ್ದ ಗೆಳೆಯ ಗುಂಡು ತಗುಲಿ ಸತ್ತಿರಲಿಲ್ಲ. ನೀರು, ನೀರು ಎನ್ನುತ್ತ ಸತ್ತಿದ್ದ.

"ಸಾರ್, ಒಂದು ಬಾಟಲಿ ಸಾಲಲ್ಲ. ಈ ಆದೇಶ ಇಲ್ಲೇ ಬಿಟ್ಟು ಇನ್ನೆರಡು ಬಾಟಲಿ ತಗೊಂಡು ಹೋಗ್ಲಾ?"

"ಆದೇಶ ಬಿಟ್ಟು ಹೋದ್ರೆ, ಎಷ್ಟು ಹೊರಬಾರದು ಅಂತ ಅಲ್ಲಿ ನಿನಗೆ ಹೇಳೋರು ಯಾರಪ್ಪಾ?"

"ಹಾಗಾದ್ರೆ ಗುಂಡು ಕಮ್ಮಿ ಮಾಡಿ."

"ಕೊಟ್ಟ ಗುಂಡು ವಾಪಸ್ ತಗೊಳ್ಳೋಕೆ ಫಾರಂ ಇಲ್ಲ."

ಕೊಕ್ಕರೆ ಸ್ವಲ್ಪ ಯೋಚಿಸಿದ. ನಲ್ಲಿಯ ಹತ್ತಿರ ಹೋಗಿ ಎರಡು ಬಾಟಲಿ ನೀರನ್ನು ಗಟಗಟ ಕುಡಿದು ಬಂದ.

"ಈಗ ಚೀಲ ತೂಗಿ ಸಾರ್. ಮೂವತ್ತೇ."

ಗುಮಾಸ್ತರು ಪೆನ್ನು ಕೆಳಗಿಟ್ಟರು. ಹೊಟ್ಟೆಯಲ್ಲಿರುವುದು ಹೊರೆಯೋ ಅಲ್ಲವೋ ಎಂಬ ಪ್ರಶ್ನೆ ಮೇಲಕ್ಕೆ ಹೋಯಿತು. ಕದನವನ್ನು ಮೂರು ದಿನ ಮುಂದೂಡಿ ಎದುರು ಪಕ್ಷಕ್ಕೂ ಪತ್ರ ಬರೆಯಲಾಯಿತು. ಭಾಷಾ ತಜ್ಞರೊಬ್ಬರು ನಿಘಂಟು ತಿರುವಿ ವರದಿ ಕೊಟ್ಟರು: 'ಹೊಟ್ಟೆ ಹೊರೆಯುವುದು' ಎಂಬ ಮಾತು ಹಿಂದಿನಿಂದಲೂ ಬಳಕೆಯಲ್ಲಿರುವುದರಿಂದ ಹೊಟ್ಟೆಯೂ ಹೊರೆಯೇ.

ಅಷ್ಟರಲ್ಲಿ ಆ ನೀರು ತನ್ನ ದಾರಿ ಹಿಡಿದಿತ್ತು. ನಿಯಮ ಮಾತ್ರ ಉಳಿಯಿತು.

ಹೊಟ್ಟೆಯನ್ನೂ ಹೊರೆಗೆ ಸೇರಿಸಿದ ತಿದ್ದುಪಡಿಯನ್ನು ಓದಿ ಹೇಳಲು ದಳಪತಿಗಳೇ ಬಂದರು. ಅವರಿಗಿಂತ ಒಂದು ಕ್ಷಣ ಮೊದಲು ಅವರ ಹೊಟ್ಟೆ ಬಂತು.

"ಸಾರ್, ನಿಮ್ಮದನ್ನೂ ತೂಗ್ತಾರಾ?" ಎಂದು ಕೊಕ್ಕರೆ ವಿಚಾರಿಸಿದ.

"ನಂದು ಹುದ್ದೆಯ ತೂಕ ಕಣಯ್ಯಾ" ಎಂದರು ದಳಪತಿಗಳು, ಬೇಸರವಿಲ್ಲದೆ.

ಎದುರು ಪಕ್ಷದಿಂದ ಮರುಟಪಾಲಿಗೆ ಉತ್ತರ ಬಂತು: ನಮ್ಮಲ್ಲೂ ಇದೇ ತೊಂದರೆ, ದಯವಿಟ್ಟು ತಿದ್ದುಪಡಿಯ ಪ್ರತಿ ಕಳಿಸಿ.

ತಿದ್ದುಪಡಿ ಸರಿಯಾಗಿ ಒಂದು ಕಿಲೋ ಇತ್ತು. ಅದನ್ನೂ ಒಯ್ಯಬೇಕಿತ್ತು. ಕೊಕ್ಕರೆಯ ಚೀಲ ಮೂವತ್ತೊಂದು ತೂಗಿತು. ಗುಮಾಸ್ತರು ಅವನ ಒಂದೇ ಬಾಟಲಿಯತ್ತ ಪೆನ್ನು ತೋರಿಸಿದರು.

"ಬಾಯಾರಿದ್ರೆ ಸಾರ್?"

"ನಾಲ್ಕನೇ ಅನುಬಂಧ ಓದಪ್ಪಾ. ನೀರಿನ ಮಹತ್ವ ಚೆನ್ನಾಗಿ ಬರೆದಿದ್ದಾರೆ."

ಕೊಕ್ಕರೆ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಅದಿದ್ದ ಜಾಗದಲ್ಲಿ ತಿದ್ದುಪಡಿಯನ್ನು ತುರುಕಿದ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ತಿರುಗಿ ನೋಡಿದರೆ, ಹಿಂದೆ ನಿಂತವನು ಯಾರೂ ಹೇಳುವ ಮೊದಲೇ ತನ್ನ ಬಾಟಲಿ ತೆಗೆದು ಕೈಯಲ್ಲಿ ಹಿಡಿದಿದ್ದ.