ಎಂಟರ ಬದಲು ಮೂರು

ಸಾಂಗಲಿಯಲ್ಲಿ ಸಾಲ ಕೊಡುವವರು ಪೊಲೀಸರಿಗೂ ಅಂಜುವುದಿಲ್ಲ. ನಮ್ಮ ಕಾಕಾನನ್ನು ಕಂಡರೆ ಮಾತ್ರ ಓಣಿ ಬದಲಿಸುತ್ತಾರೆ! ಕಾಕಾ ವಕೀಲರೇ? ಛೆ, ಅರಿಶಿನದ ವ್ಯಾಪಾರಿ. ಆದರೆ ಅಡಮಾನದ ನೋಂದಣಿ ಪತ್ರ ಎಲ್ಲೇ ಕಾಣಲಿ, ಕನ್ನಡಕ ಏರಿಸಿ ತಪ್ಪು ಹುಡುಕಲು ಕುಳಿತುಬಿಡುತ್ತಾರೆ.

ಬುಧಗಾಂವದ ಮದುವೆಯಲ್ಲಿ ಬೀಗರು ಸಾಲದ ಹೊಸ ಟ್ರ್ಯಾಕ್ಟರ್ ತೋರಿಸಿದರು. ಬಣ್ಣ ಛಲೋ ಐತಿ ಅಂದರೆ ಸಾಕಿತ್ತಲ್ಲವೇ? ಕಾಕಾ ಪತ್ರ ಹಿಡಿದು ಅದರ ಅಡಿಗೇ ತೂರಿದರು! ರೇಷ್ಮೆ ಅಂಗಿಗೆ ಗ್ರೀಸ್ ಬಳಿದುಕೊಂಡು ಹೊರಬಂದು, "ನಂಬರ ತಪ್ಪು ಬರದಾರ್ರಿ!" ಎಂದು ಘೋಷಿಸಿದರು.

ಬೀಗರ ಮುಖ ಅರಳಿತು. "ಅಂದ್ರ ಸಾಲಾ ಮಾಫ್ ಏನ್ರಿ?"

"ಸಾಲಾ ಎಲ್ಲಿ ಹೊಕ್ಕೈತ್ರಿ? ಅದನ್ನ ತೀರಸಾಕಬೇಕು. ಆದ್ರ ಗಾಡಿ ಮ್ಯಾಲ ಸಾಲಾ ಕೊಟ್ಟವರ ಹಕ್ಕು ಇನ್ನೊಬ್ಬ ಸಾಲದವನ ಮುಂದ ನಿಲ್ಲೂದಿಲ್ಲ."

ಅಂದು ಕಾಕಾನ ಹೋಳಿಗೆಗೆ ತುಪ್ಪ ಬೀಳಲಿಲ್ಲ.

ಇಂಥ ಕಾಕಾ, ನಡೆಸುವವರಿಲ್ಲದೆ ನಿಂತಿದ್ದ ತಮ್ಮ ಅರಿಶಿನ ಪಾಲಿಶ್ ಯಂತ್ರವನ್ನು ಸಮಡೋಳಿಯ ವ್ಯಾಪಾರಿಯೊಬ್ಬನಿಗೆ ಕಂತಿನ ಮೇಲೆ ಮಾರಿದರು. ಹಣ ತೀರುವವರೆಗೆ ಯಂತ್ರದ ಮೇಲೆ ತಮ್ಮದೇ ಹಕ್ಕೆಂದು ನೋಂದಣಿಯನ್ನೂ ಮಾಡಿಸಿದರು. ಆ ಭೂಪ ಅದೇ ಯಂತ್ರವನ್ನು ಸಾಲ ಕೊಡುವ ಮಿರಜದ ಪತಸಂಸ್ಥೆಯೊಂದಕ್ಕೂ ಅಡವಿಟ್ಟು ಅಂಗಡಿ ಮುಚ್ಚಿದ!

ಕಾಕಾ ಅಲುಗಾಡಲಿಲ್ಲ. "ಮೊದಲ ನೋಂದಣಿ ನಂದು. ಯಂತ್ರ ಮನಿಗೆ ಬರ್ತೈತಿ, ಪಡಸಾಲಿ ಖಾಲಿ ಮಾಡ್ರಿ," ಎಂದು ಟೆಂಪೋ ಹತ್ತಿದರು. ತಮಾಷೆ ನೋಡಲು ನಾನೂ ಹತ್ತಿದೆ. ಪತಸಂಸ್ಥೆಯ ಸಾಹೇಬನ ಗತಿ ಏನಾದೀತು ಎಂದು ಪಾಪ ಅನಿಸಿತ್ತು!

ಸಮಡೋಳಿಯ ಅಂಗಡಿ ಮುಟ್ಟಿದರೆ ಸಾಹೇಬ ಆಗಲೇ ಅಲ್ಲಿದ್ದ. ಯಂತ್ರದ ನಂಬರಿನ ತಗಡನ್ನು ಒದ್ದೆ ಬಟ್ಟೆ ಕೆಂಪಾಗುವಂತೆ ತಿಕ್ಕಿ ಒರೆಸಿ, ಕಾಕಾನ ಪತ್ರದ ಜೊತೆ ಹೋಲಿಸಿದ.

"ಅಹೋ ಕಾಕಾ, ಹೇ ಕಾಯ್? ಏನ್ರಿ ಇದು? ಕಡೀ ಅಂಕಿ ಎಂಟು ಐತಿ, ನೀವು ಮೂರು ಬರಸೀರಿ. ನಾವು ಕಂಪನಿಗೆ ಕೇಳಿ ಈ ನಂಬರ ಹಾಕಿ ಹುಡುಕಿದಾಗ ನಿಮ್ಮ ಹಕ್ಕು ಕಾಣಲೇ ಇಲ್ಲ."

ನಾನು ಜಗಳಕ್ಕೆ ತೋಳೇರಿಸಿದೆ. ಕಾಕಾ ತಡೆದರು. "ಬ್ಯಾಡ. ಅವರು ಹೇಳೂದು ಖರೆ ಐತಿ. ಯಂತ್ರ ಅವರದ."

ನನಗೆ ಸಿಟ್ಟು ಬಂತು. "ಊರಮಂದಿ ತಪ್ಪು ಹಿಡೀತೀರಿ, ನಿಮ್ಮ ಕಣ್ಣಿಗೆ ಏನಾಗಿತ್ರಿ ಕಾಕಾ?"

"ತಗಡಿನ ಮ್ಯಾಲ ಕುಂಕುಮ ಮೆತ್ತಿತ್ತು. ಖಂಡೇನವಮಿ ಪೂಜಾಕ್ಕ ನಿಮ್ಮ ಕಾಕಿ ಹಚ್ಚಿದ್ದು. ಮುಂದಿನ ನವಮಿಗೆ ಆಕಿ ಉಳೀಲಿಲ್ಲ. ಉಗುರಿಲೆ ಕೆರದಿದ್ರ ಎಂಟು ಕಾಣತಿತ್ತು. ಕೈ ಬರಲಿಲ್ಲ."

ನಾನು ಏರಿಸಿದ್ದ ತೋಳನ್ನು ಇಳಿಸಿಕೊಂಡೆ. ಕಾಕಾ ಸಾಹೇಬನ ಕಡೆ ತಿರುಗಿದರು.

"ಯಂತ್ರ ಒಯ್ರಿ ಸಾಹೇಬ್ರ. ಆ ಬಟ್ಟಿ ಅಷ್ಟ ನನಗ ಕೊಡ್ತೀರೇನು?"